ಅತ್ತೆಗೆ ಪರವಾನಗಿ ಬೇಕಾಗಲಿಲ್ಲ

ಅಂಗಳದಲ್ಲಿ ಗೋರಿಗಳಿರುವ ಮನೆಗಳನ್ನು ಮಾರುವುದಕ್ಕೆ ಎಸ್ಲಿನ್ ಲೆಂಡೋರ್ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಳು. ಮೊದಲು ಸಮುದ್ರ ತೋರಿಸಬೇಕು. ಆಮೇಲೆ ಮಾವಿನ ಮರ, ಆಮೇಲೆ ಮಳೆನೀರಿನ ತೊಟ್ಟಿ. ಗಿರಾಕಿಯ ಕಣ್ಣು ಇನ್ನೂ ಸಮುದ್ರದಲ್ಲೇ ಈಜುತ್ತಿರುವಾಗ, ಬಟ್ಟೆಗೆ ಹತ್ತಿದ ಧೂಳು ಕೊಡವಿದಷ್ಟು ಹಗುರಾಗಿ, "ಆ ಕ್ರೋಟನ್ ಗಿಡದ ಹಿಂದೆ ನಮ್ಮವರು ಒಂದೈದು ಜನ ಮಲಗಿದಾರೆ" ಅಂದುಬಿಡಬೇಕು. ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ಕ್ಯಾರಿಯಾಕೂನಂಥ ಗೇಣಗಲದ ದ್ವೀಪದಲ್ಲಿ ಯಾವ ಗುಟ್ಟನ್ನು ಮುಚ್ಚಿಟ್ಟರೂ ಅದು ವ್ಯಾನು ಹತ್ತಿ ನಿಮಗಿಂತ ಮೊದಲೇ ಹಿಲ್ಸ್‌ಬರೋ ಪೇಟೆಯಲ್ಲಿ ಇಳಿದಿರುತ್ತದೆ.

ಆಂಸ್ ಮಾರೋ ಹಳ್ಳಿಯ ಗುಡ್ಡದ ಮೇಲಿನ ಆ ಕೆಂಪು ತಗಡಿನ ಮನೆ ಎಸ್ಲಿನ್‌ಗೆ ಹೊರಗಿನದೇನೂ ಅಲ್ಲ. ಅವಳ ದೊಡ್ಡಪ್ಪ ಗ್ಯಾಸ್ಟನ್ ಕಟ್ಟಿಸಿದ್ದು. ಅಮೆರಿಕದ ಬ್ರೂಕ್ಲಿನ್ ಸೇರಿಕೊಂಡಿದ್ದ ಗ್ಯಾಸ್ಟನ್ ಮಕ್ಕಳು, ಯಾರಿಗಾದರೂ ಕೊಟ್ಟು ಪುಣ್ಯ ಕಟ್ಟಿಕೋ ಎಂದು ಅಧಿಕಾರಪತ್ರಕ್ಕೆ ಸಹಿ ಮಾಡಿ ಕಳಿಸಿದ್ದರು. ಐದು ಗೋರಿಗಳಲ್ಲಿ ಒಂದರಲ್ಲಿ ಗ್ಯಾಸ್ಟನ್, ಪಕ್ಕದ್ದರಲ್ಲಿ ಎಸ್ಲಿನ್‌ಳ ಅಪ್ಪ, ಉಳಿದ ಮೂರರಲ್ಲಿ ಅವರ ಹಿರಿಯರು. ಮನೆ ನೋಡಲು ಬಂದ ಕೆನಡಾದ ದಂಪತಿ ಗೋರಿಗಳ ಫೋಟೋ ಹೊಡೆದುಕೊಂಡು, ಎಷ್ಟು ಚೆಂದ ಎಂದು ಹೊಗಳಿ, ಮತ್ತೆ ಫೋನೆತ್ತಲಿಲ್ಲ. ಒಬ್ಬ ಇಂಗ್ಲಿಷಿನವನು ಸತ್ತವರ ತಲೆಗಿಷ್ಟು ಎಂದು ಬೆಲೆ ಇಳಿಸಲು ನೋಡಿದ.

ಫಿನ್‌ಲ್ಯಾಂಡಿನಿಂದ ಬಂದ ಕಲೆವಿ ಹಕ್ಕರಾಯ್ನೆನ್ ಮಾತ್ರ ಒಂದೇ ಪ್ರಶ್ನೆ ಕೇಳಿದ.

"ಗದ್ದಲ ಮಾಡ್ತಾರಾ?"

"ಯಾರು, ಇವರಾ?" ಎಸ್ಲಿನ್ ಕ್ರೋಟನ್ ಕಡೆ ನೋಡಿದಳು. "ಇವರು ಸತ್ತಿದಾರೆ ಮಿಸ್ಟರ್."

"ಹಾಗಿದ್ರೆ ಆಯ್ತು" ಎಂದ ಕಲೆವಿ. "ಮನೆ ನನಗೆ ಹಿಡಿಸ್ತು."

ಆತ ಬದುಕಿಡೀ ಲಿಫ್ಟುಗಳ ತಪಾಸಣೆ ಮಾಡಿ ನಿವೃತ್ತನಾದವನು. ಕಂಬದಂಥ ಆಳು, ಬಿಸಿಲಿಗೆ ಬೆಂದ ಸೀಗಡಿಯ ಬಣ್ಣಕ್ಕೆ ತಿರುಗಿದ ಮೂಗು. ಒಂದು ವಾಕ್ಯ ಮುಗಿಸಿ ಇನ್ನೊಂದು ಶುರು ಮಾಡುವುದರೊಳಗೆ ಎದುರಿನವರು ಒಂದು ಬಟ್ಟಲು ಕೋಕೋ ಚಹಾ ಕುಡಿದು ಮುಗಿಸಬಹುದಿತ್ತು. ಅವನಿಗೆ ಬೇಕಾಗಿದ್ದುದು ಬಿಸಿಲು ಮತ್ತು ಮೌನ. ಬಿಸಿಲನ್ನು ಎಸ್ಲಿನ್ ಧೈರ್ಯವಾಗಿ ಒಪ್ಪಿಕೊಂಡಳು. ಮೌನದ ಬಗ್ಗೆ ಅವನೂ ಒತ್ತಿ ಕೇಳಲಿಲ್ಲ, ಅವಳೂ ಒತ್ತಿ ಹೇಳಲಿಲ್ಲ.

ರಸ್ತೆಯಾಚೆ ಗ್ಯಾಸ್ಟನ್‌ನ ತಂಗಿ ಟಾಂಟಿ ಫಿಲೊಮೆನ್ ಇದ್ದಳು. ಊರಿಗೆಲ್ಲ ಆಕೆ ಟಾಂಟಿ, ಎಂದರೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ. ಮನೆ ಮಾರುವ ಸುದ್ದಿ ಕೇಳಿದ ದಿನ ಆಕೆ ಎಸ್ಲಿನ್‌ಳನ್ನು ಕರೆಸಿದಳು.

"ಗ್ಯಾಸ್ಟನ್ ಮನೆ ಮಾರ್ತೀಯಂತೆ. ಮಾರು ಡೂಡೂ, ನನ್ನ ಚಿನ್ನ, ನಿನ್ನ ಹೊಟ್ಟೆಪಾಡು. ಆದ್ರೆ ಗ್ಯಾಸ್ಟನ್‌ನ ಮಾರಬೇಡ."

ಅದಕ್ಕೇ ಗೋರಿಗಳ ಜಾಗ ಮತ್ತು ಅಲ್ಲಿಗೆ ಹೋಗುವ ಕಾಲುದಾರಿ ಲೆಂಡೋರ್ ಮನೆತನದ್ದೇ ಎಂದು ಕ್ರಯಪತ್ರದಲ್ಲಿ ಬರೆಸಲಾಯಿತು. ವಕೀಲರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಕಲೆವಿ ತಲೆಯಾಡಿಸಿದ. ಅವನ ಊರಲ್ಲಿ ಜನ ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಮುನ್ನಾದಿನ ಗೋರಿಗೆ ಮೇಣದಬತ್ತಿ ಹಚ್ಚಿ, ಒಂದು ಮಾತೂ ಆಡದೆ ಮನೆಗೆ ಹೋಗುತ್ತಾರೆ. ಇಲ್ಲೂ ಅಷ್ಟೇ ಇರಬಹುದು ಎಂದುಕೊಂಡ.

ಪರದೇಶದವರು ಇಲ್ಲಿ ನೆಲ ಕೊಳ್ಳಬೇಕಾದರೆ ಸರಕಾರದ ಪರವಾನಗಿ ಬೇಕು. ತಾನು ಕಳ್ಳನಲ್ಲ, ಕೊಲೆಗಾರನಲ್ಲ, ಬ್ಯಾಂಕಿನವರು ತನ್ನನ್ನು ಕಂಡರೆ ಓಡಿಹೋಗುವುದಿಲ್ಲ ಎಂದೆಲ್ಲ ಕಲೆವಿ ಸಾಬೀತು ಮಾಡಬೇಕಾಯಿತು. ಅವನ ಊರಿನ ಪೊಲೀಸರು "ಈತನ ಬಗ್ಗೆ ನಮ್ಮಲ್ಲಿ ಏನೂ ಇಲ್ಲ" ಎಂದು ಬರೆದುಕೊಟ್ಟಿದ್ದನ್ನು ಕಚೇರಿಯವರು "ಏನೂ ಇಲ್ಲ ಅಂದರೆ ಏನರ್ಥ?" ಎಂದು ವಾಪಸು ಕಳಿಸಿದರು. ಎಸ್ಲಿನ್ ದೋಣಿ ಹತ್ತಿ, ಆ ಕಚೇರಿಯಿರುವ ದೊಡ್ಡ ದ್ವೀಪ ಗ್ರೆನಾಡಕ್ಕೆ ಹೋಗಿ, ನಗುಮುಖ ಮಾಡಿ, ದುಮುಗುಟ್ಟಿ, ಕೊನೆಗೆ ಒಳಗಿದ್ದ ಗುಮಾಸ್ತೆ ತನ್ನ ಸೋದರತ್ತೆಯ ನಾದಿನಿ ಎಂದು ಕಂಡುಹಿಡಿದ ಮೇಲೆ ಕಾಗದ ಕದಲಿತು. ಅಷ್ಟರಲ್ಲಿ ಮಾವು ಹೂಬಿಟ್ಟು ಹಣ್ಣಾಗಿ ಉದುರಿತ್ತು.

ಅವನ ಸಾಮಾನು ಬಂದಾಗ ಇನ್ನೊಂದು ಪಜೀತಿ. ಸುಂಕದವನು ಪೆಟ್ಟಿಗೆ ಒಡೆಸಿ ನೋಡಿ ಎಸ್ಲಿನ್‌ಳನ್ನು ಕರೆದ.

"ಈತ ಕಲ್ಲು ತಂದಿದ್ದಾನೆ."

"ಎಂಥ ಕಲ್ಲು?"

"ಕಲ್ಲು, ಎಸ್ಲಿನ್. ಕಲ್ಲು ಅಂದ್ರೆ ಕಲ್ಲು. ನಮ್ಮಲ್ಲಿ ಇರಲಿಲ್ವಾ? ಕೇಳಿದ್ರೆ ನಮ್ಮ ಹಿತ್ತಲಿಂದ ಒಂದು ಲಾರಿ ತುಂಬಿ ಕಳಿಸ್ತಿದ್ದೆ."

ಕಲ್ಲು ಸೌನಾಕ್ಕೆ ಎಂದು ಕಲೆವಿ ವಿವರಿಸಿದ. ಮರದ ಚಿಕ್ಕ ಕೋಣೆ, ಅದರೊಳಗೆ ಒಲೆ, ಒಲೆಯ ಮೇಲೆ ಕಾದ ಕಲ್ಲು, ಕಲ್ಲಿಗೆ ನೀರು, ಬಾಗಿಲು ಮುಚ್ಚಿಕೊಂಡು ಒಳಗೆ ಕೂತು ಬೆವರುವುದು. ಅದನ್ನು ಕೇಳಿ ಆಂಸ್ ಮಾರೋದ ರಮ್ ಅಂಗಡಿಯಲ್ಲಿ ಎಲ್ಲರೂ ತಂತಮ್ಮ ಹಣೆಯ ಬೆವರು ಒರೆಸಿಕೊಂಡರಂತೆ. ಕೊನೆಗೆ ಮೀನುಗಾರ ಆಲ್ವಿನ್, "ಪಾಪ, ಅವನಿಗೆ ಯಾರೂ ಹೇಳಿಲ್ಲ ಅನ್ಸುತ್ತೆ, ಇಲ್ಲಿ ಹೊರಗೆ ನಿಂತ್ರೂ ಆಗುತ್ತೆ ಅಂತ" ಎಂದನಂತೆ. ಕಲೆವಿ ಎಂಬ ಹೆಸರು ಊರವರ ಬಾಯಲ್ಲಿ ನಿಲ್ಲದೆ ಅಷ್ಟು ಹೊತ್ತಿಗೆ ಮಿಸ್ಟರ್ ಕಲಿಪ್ಸೋ ಆಗಿತ್ತು. ಅಷ್ಟು ಬಾಯಿಲ್ಲದ ಮನುಷ್ಯನಿಗೆ ಊರ ಸುದ್ದಿಯೆಲ್ಲ ಹಾಡಿ ಹೇಳುವ ದ್ವೀಪದ ಹಾಡಿನ ಹೆಸರು ಬಿದ್ದದ್ದು ಎಸ್ಲಿನ್‌ಗೆ ಒಳಗೊಳಗೇ ಖುಷಿ.

ಸೌನಾ ಎದ್ದಿತು. ಆಮೇಲೆ ಜನ ಬರಲು ಶುರು ಮಾಡಿದರು.

"ಮಿಸ್ ಎಸ್ಲಿನ್," ಒಂದು ಸಂಜೆ ಫೋನಿನಲ್ಲಿ ಕಲೆವಿಯ ಸಪಾಟು ದನಿ. "ಅಂಗಳದಲ್ಲಿ ಒಬ್ಬ ಇದ್ದಾನೆ."

"ಯಾರು?"

"ಗೊತ್ತಿಲ್ಲ. ನೆಲಕ್ಕೆ ರಮ್ ಸುರೀತಿದ್ದಾನೆ. ಸ್ವಲ್ಪ ನೆಲಕ್ಕೆ, ಸ್ವಲ್ಪ ತನಗೆ."

"ದಪ್ಪಗಿದ್ದಾನಾ?"

"ಹೌದು."

"ಹಾಗಿದ್ರೆ ಆಲ್ವಿನ್. ದೋಣಿಗೆ ಹೊಸ ಎಂಜಿನ್ ಹಾಕಿಸಿದ್ದಾನೆ, ಗ್ಯಾಸ್ಟನ್‌ಗೆ ಹೇಳೋಕೆ ಬಂದಿರ್ತಾನೆ. ಬಿಡಿ, ಹೋಗ್ತಾನೆ."

"ಮಿಸ್ ಎಸ್ಲಿನ್, ನಾನು ಸೌನಾದಿಂದ ಈಗಷ್ಟೇ ಹೊರಗೆ ಬಂದೆ. ಮೈಮೇಲೆ ಬಟ್ಟೆ ಇಲ್ಲ. ಅವನು ನನಗೂ ರಮ್ ಕೊಡ್ತಿದ್ದಾನೆ."

"ತಗೊಳ್ಳಿ ಮತ್ತೆ" ಎಂದು ಎಸ್ಲಿನ್ ಫೋನಿಟ್ಟಳು.

ಕಲೆವಿಗೆ ಅರ್ಥವಾಗದೆ ಹೋದ ಸಂಗತಿ ಒಂದೇ: ಲೆಂಡೋರ್ ಮನೆತನದ ಸತ್ತವರು ಐವರೇ ಇದ್ದರೂ ಬದುಕಿರುವವರು ಅರ್ಧ ದ್ವೀಪದಷ್ಟಿದ್ದರು. ಮದುವೆ ಗೊತ್ತಾದರೆ ಹಿರಿಯರಿಗೆ ತಿಳಿಸಬೇಕು. ಮಗು ಹುಟ್ಟಿದರೆ ತಂದು ತೋರಿಸಬೇಕು. ಅಮೆರಿಕದ ವೀಸಾ ಸಂದರ್ಶನವಿದ್ದರೆ ಆಶೀರ್ವಾದ ಕೇಳಬೇಕು, ವೀಸಾ ಸಿಗದಿದ್ದರೆ ಬಂದು ಬಯ್ಯಬೇಕು. ಇದೆಲ್ಲ ಸಾಲದೆಂಬಂತೆ ಸತ್ತವರು ಕನಸಿನಲ್ಲಿ ಬರುತ್ತಿದ್ದರು. ಬಂದವರು ಸುಮ್ಮನೆ ಬರುವುದಿಲ್ಲ, ಹಸಿವೆ ಎನ್ನುತ್ತಾರೆ. ಕನಸು ಬಿದ್ದವರು ಅಡುಗೆ ಮಾಡಿ ತಟ್ಟೆ ಹೊತ್ತು ತಂದು ಗೋರಿಯ ಹತ್ತಿರ ಇಡಬೇಕು. ದೊಡ್ಡ ಕನಸಾದರೆ ಊರಿಗೆಲ್ಲ ಊಟ ಹಾಕಿ ಡೋಲು ಬಾರಿಸಬೇಕು. ಅದಕ್ಕೆ ಸರಾಕಾ ಎನ್ನುತ್ತಾರೆ.

ಕಲೆವಿ ಮೊದಮೊದಲು ಸಹಿಸಿಕೊಂಡ. ಜಗುಲಿಯಲ್ಲಿ ಕಾಫಿ ಕುಡಿಯುತ್ತಾ, ಯಾರೋ ಹೆಂಗಸು ತನ್ನ ಗಂಡನ ಹಾದರದ ಕಥೆಯನ್ನೆಲ್ಲ ಕ್ರೋಟನ್ ಗಿಡಕ್ಕೆ ಹೇಳಿಕೊಂಡು ಅಳುವುದನ್ನು ಕೇಳಿಸಿಕೊಂಡ. ಆ ಗಂಡನೇ ಮಾರನೆಯ ವಾರ ಬಂದು ತನ್ನ ಕಡೆಯ ಕಥೆ ಹೇಳಿದ್ದನ್ನೂ ಕೇಳಿಸಿಕೊಂಡ. ಒಂದು ಭಾನುವಾರ ನಾಮಕರಣ ಮುಗಿಸಿ ಬಂದ ದಂಡು ಅವನ ಜಗುಲಿಯ ಮೇಲೆಯೇ ಪಾತ್ರೆ ಇಳಿಸಿ, ಅವನ ಕುರ್ಚಿಯಲ್ಲೇ ಕೂತು, ಅವನನ್ನೇ "ನೀವು ಯಾರ ಕಡೆಯವರು?" ಎಂದು ಕೇಳಿತು.

ಮಾರನೆಯ ವಾರ ಅವನು ಕಬ್ಬಿಣದ ಗೇಟು ಹಾಕಿಸಿದ. ಗೇಟಿಗೆ ಬೀಗ.

"ಬಿಚ್ಚಿಸಿ ಅದನ್ನ" ಎಂದು ಎಸ್ಲಿನ್ ಓಡೋಡಿ ಬಂದು ಹೇಳಿದಳು. "ದಾರಿ ನಮ್ಮದು ಅಂತ ನೀವೇ ಒಪ್ಪಿ ಸಹಿ ಮಾಡಿದೀರಿ."

"ಗದ್ದಲ ಮಾಡಲ್ಲ ಅಂತ ನೀವೇ ಹೇಳಿದ್ದೀರಿ."

"ಸತ್ತವರು ಮಾಡಲ್ಲ ಅಂದೆ! ಬದುಕಿದವರ ಬಗ್ಗೆ ನೀವು ಕೇಳಲೇ ಇಲ್ಲ!"

ಕಲೆವಿ ಯೋಚಿಸಿದ. "ನಿಜ" ಎಂದ. "ಕೇಳಬೇಕಿತ್ತು." ಬೀಗ ಮಾತ್ರ ತೆಗೆಯಲಿಲ್ಲ.

ಅದೇ ವಾರ ಟಾಂಟಿ ಫಿಲೊಮೆನ್‌ಗೆ ಕನಸು ಬಿತ್ತು. ಗ್ಯಾಸ್ಟನ್ ಬರೀ ಬನಿಯನ್ನಿನಲ್ಲಿ ಬಂದು, ಕೂಕೂ ತಿಂದು ಎಷ್ಟು ದಿನವಾಯ್ತು ಎಂದು ಗೋಳಾಡಿದನಂತೆ. ಆಕೆ ಕೂಕೂ ಮುದ್ದೆಗೆ ಮೆಕ್ಕೆಜೋಳದ ಹಿಟ್ಟು ತಿರುವಿ, ಕೋಳಿ ಬೇಯಿಸಿ, ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಗೇಟಿನ ಮುಂದೆ ಬಂದು ನಿಂತಳು. ಹಿಂದೆ ಅರ್ಧ ಊರು. ಪೊಲೀಸ್ ಪೇದೆಯೂ ಇದ್ದ, ಆದರೆ ಅವನು ಆಕೆಯ ಮೊಮ್ಮಗನಾದ್ದರಿಂದ ಕಾನೂನು ಯಾವ ಕಡೆ ನಿಂತಿದೆ ಎಂದು ಹೇಳುವಂತಿರಲಿಲ್ಲ.

ಕಲೆವಿ ಒಳಗಿನಿಂದ ಬಂದು ಗೇಟಿನ ಆಚೆ ನಿಂತ. ಎಸ್ಲಿನ್ ಇಬ್ಬರ ನಡುವೆ ಸಿಕ್ಕಿಕೊಂಡು, ಯಾರ ಕಡೆ ಮಾತಾಡಿದರೂ ತನಗೇ ಪೆಟ್ಟು ಎಂದು ಬೀಗವನ್ನೇ ನೋಡುತ್ತಿದ್ದಳು.

ಟಾಂಟಿ ಕಲೆವಿಯನ್ನು ನೋಡಲೇ ಇಲ್ಲ. ಅವನ ಹೆಗಲ ಮೇಲಿಂದ ಕ್ರೋಟನ್ ಕಡೆ ಮುಖ ಮಾಡಿ ಕೂಗಿದಳು.

"ಗ್ಯಾಸ್ಟನ್! ಏ ಗ್ಯಾಸ್ಟನ್! ಊಟ ತಂದಿದೀನಿ! ಈ ಬಿಳಿ ಮನುಷ್ಯ ಬೀಗ ಹಾಕ್ಕೊಂಡಿದಾನೆ, ನನಗೆ ಒಳಗೆ ಬರೋಕಾಗಲ್ಲ! ನೀನೇ ಎದ್ದು ಹೊರಗೆ ಬಾ!"

ಜನ ಕಿಸಕ್ಕನೆ ನಕ್ಕರು. ಆದರೆ ನಗು ಪೂರ್ತಿಯಾಗಲಿಲ್ಲ. ಯಾಕೆಂದರೆ ಟಾಂಟಿ ಕೂಗಿ ಸುಮ್ಮನಾಗಲಿಲ್ಲ, ಕಾಯುತ್ತಾ ನಿಂತಳು. ಕ್ರೋಟನ್ ಎಲೆ ಅಲುಗಿತು. ಗಾಳಿಯೇ ಇರಬೇಕು. ಪೇದೆ ಟೋಪಿ ತೆಗೆದ. ಯಾರೋ ಹಿಂದಿನಿಂದ ಮೆಲ್ಲಗೆ ಜಾರಿಕೊಂಡರು. ಕಲೆವಿ ಹಿಂದಕ್ಕೆ ತಿರುಗಿ ಗೋರಿಯ ಕಡೆ ನೋಡಿದ, ಮುದುಕಿಯ ಕಡೆ ನೋಡಿದ, ಮತ್ತೆ ಗೋರಿಯ ಕಡೆ ನೋಡಿದ. ಜೇಬಿನಿಂದ ಕೀಲಿ ತೆಗೆದು ಬೀಗ ತೆರೆದ.

ಟಾಂಟಿ ಒಳಗೆ ಹೋಗಿ, ತಟ್ಟೆ ಇಟ್ಟು, ರಮ್ ಚಿಮುಕಿಸಿ, ಗ್ಯಾಸ್ಟನ್‌ನೊಡನೆ ಊರ ಸುದ್ದಿಯೆಲ್ಲ ಮಾತಾಡಿ ಹೊರಬಂದಳು. ಗೇಟಿನ ಹತ್ತಿರ ನಿಂತಿದ್ದ ಕಲೆವಿಯ ಕೆನ್ನೆ ತಟ್ಟಿ, "ತಿಂದಿದ್ದೀಯಾ? ಒಲೆ ಮೇಲೆ ಇನ್ನೂ ಇದೆ, ಬಾ" ಎಂದಳು.

ಅವನು ಹೋಗಲಿಲ್ಲ. ಎಸ್ಲಿನ್ ಕಡೆ ತಿರುಗಿ, "ಮನೆ ಮಾರಿಬಿಡಿ" ಎಂದ.

ಅದೇನೂ ಎಸ್ಲಿನ್‌ಗೆ ಹೊಸದಲ್ಲ. ಸ್ವರ್ಗ ಹುಡುಕಿಕೊಂಡು ಬಂದವರಲ್ಲಿ ಅರ್ಧಕ್ಕರ್ಧ ಜನ ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟುತ್ತಿದ್ದರು. ಸೊಳ್ಳೆ, ಉಪ್ಪುಗಾಳಿ, ಹೋಗಿ ಬರುವ ಕರೆಂಟು, ಒಬ್ಬರ ಮುಖ ಒಬ್ಬರು ನೋಡಿ ಬೇಸತ್ತ ದಂಪತಿ. ಆದರೂ ಈ ಸಲ ಅವಳಿಗೆ ಮನಸ್ಸು ಕಹಿಯಾಯಿತು. ಅದಕ್ಕೆ ಕಾರಣ ಹುಡುಕಲು ಹೋಗದೆ, ಟೆಕ್ಸಾಸಿನಿಂದ ಬಂದಿದ್ದ ಒಂದು ಜೋಡಿಯನ್ನು ಕರೆತಂದಳು.

ಗಂಡ ಉದ್ದಕ್ಕೂ ಅಳತೆಯ ಟೇಪು ಎಳೆಯುತ್ತಿದ್ದ. ಹೆಂಡತಿ ಎಲ್ಲದಕ್ಕೂ ಕೈ ಜೋಡಿಸಿ "ಓಹ್" ಎನ್ನುತ್ತಿದ್ದಳು. ಎಸ್ಲಿನ್ ತನ್ನ ಕ್ರಮದಂತೆ ಸಮುದ್ರ, ಮಾವು, ತೊಟ್ಟಿ ಮುಗಿಸಿ ಕ್ರೋಟನ್‌ಗೆ ಬಂದಳು. ಕಲೆವಿ ಜಗುಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

"ಇಲ್ಲೇ ಈಜುಕೊಳಕ್ಕೆ ಸರಿಯಾದ ಜಾಗ" ಎಂದ ಗಂಡ. "ಇವರನ್ನ ಎತ್ತಿ ಬೇರೆ ಕಡೆ ಹಾಕಬಹುದಲ್ವಾ?"

"ಗೌರವದಿಂದಲೇ" ಎಂದಳು ಹೆಂಡತಿ. "ಒಬ್ಬ ಪಾದ್ರಿನ ಕರೆಸಿ. ಹೂವು ಗೀವು ಎಲ್ಲ ನಮ್ಮದೇ."

ಆ ಜಾಗ ಮಾರಾಟಕ್ಕಿಲ್ಲ ಎಂದು ಎಸ್ಲಿನ್ ಬಾಯಿ ತೆರೆಯುವಷ್ಟರಲ್ಲಿ ಜಗುಲಿಯ ಮೇಲೆ ಕುರ್ಚಿ ಕಿರ್ರೆಂದಿತು. ಕಲೆವಿ ಎದ್ದು ಬಂದ.

"ಇವರು ನಿಮಗಿಂತ ಮೊದಲು ಬಂದವರು" ಎಂದ. "ನನಗಿಂತಲೂ."

"ಸರ್, ನಾವು ಬರೀ ಯೋಚನೆ ಮಾಡ್ತಿದ್ದೀವಿ..."

"ಬೇರೆ ಕಡೆ ಹೋಗಿ ಯೋಚನೆ ಮಾಡಿ. ಮನೆ ಮಾರಾಟಕ್ಕಿಲ್ಲ."

ಅವರ ಟ್ಯಾಕ್ಸಿ ಇಳಿಜಾರಿನಲ್ಲಿ ಮರೆಯಾದ ಮೇಲೆ ಎಸ್ಲಿನ್‌ಗೆ ಪಿತ್ತ ನೆತ್ತಿಗೇರಿತು. "ಇದನ್ನ ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು ನಿಮಗೆ? ಅಂಗಳ ಗುಡಿಸಿದ್ದು ನಾನು! ಆ ಹೆಂಗಸಿನ 'ಓಹ್' ಕೇಳಿಸಿಕೊಂಡಿದ್ದು ನಾನು!"

"ಬೆಳಿಗ್ಗೆ ನಾನು ಅವರನ್ನ ನೋಡಿರಲಿಲ್ಲ" ಎಂದ ಕಲೆವಿ.

ಅವಳು ಬಯ್ಯಬೇಕೆಂದು ಎಳೆದುಕೊಂಡ ಉಸಿರು ನಗುವಾಗಿ ಹೊರಬಂತು. ಅವನೂ ನಕ್ಕನೋ ಏನೋ, ಮೂಗಿನ ತುದಿ ಸ್ವಲ್ಪ ಮೇಲೆ ಹೋಯಿತು.

ಮನೆ ಉಳಿಯಿತು, ಗೇಟಿನ ಬೀಗ ತೆರೆದೇ ಇತ್ತು. ಆದರೆ ಕಲೆವಿ ಜನರೊಡನೆ ಸೇರುತ್ತಿರಲಿಲ್ಲ. ಯಾರಾದರೂ ದಾರಿಯಲ್ಲಿ ಕಂಡರೆ ತಲೆಬಾಗಿಸಿ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದ. ಹೀಗಿರುವಾಗ ಒಂದು ಮಧ್ಯಾಹ್ನ ಅವನು ಹಿಲ್ಸ್‌ಬರೋದ ಎಸ್ಲಿನ್‌ಳ ಕಚೇರಿಗೆ, ಎಂದರೆ ಅವಳ ಮನೆಯ ಮುಂದಿನ ಕೋಣೆಗೆ, ಟೋಪಿಯಿಲ್ಲದೆ, ಷರ್ಟಿನ ಗುಂಡಿ ಮೇಲುಕೆಳಗಾಗಿ ಹಾಕಿಕೊಂಡು ಬಂದು ಕೂತ. ಅವಳು ನಿಂಬೆ ಪಾನಕ ತಂದಿಟ್ಟಳು.

"ನನಗೊಂದು ಕನಸು ಬಿತ್ತು" ಎಂದ.

"ಅಯ್ಯೋ ದೇವರೇ. ಗ್ಯಾಸ್ಟನಾ?"

"ಅಲ್ಲ. ನಮ್ಮ ಕಡೆಯವರು."

"ನಿಮ್ಮ ಹೆಂಡತಿನಾ?" ಕಲೆವಿಯ ಹೆಂಡತಿ ಟೂಲಾ ತೀರಿಕೊಂಡು ಬಹಳ ವರ್ಷವಾಗಿತ್ತು, ಅಷ್ಟನ್ನು ಪರವಾನಗಿಯ ಅರ್ಜಿ ತುಂಬುವಾಗ ಅವಳು ತಿಳಿದಿದ್ದಳು.

"ಹೆಂಡತಿಯಾಗಿದ್ರೆ ಪರವಾಗಿರಲಿಲ್ಲ" ಎಂದ ಕಲೆವಿ. "ಅವಳಮ್ಮ."

ಆ ದಿನ ಅವನು ಆಡಿದಷ್ಟು ಮಾತನ್ನು ಎಸ್ಲಿನ್ ಅವನ ಬಾಯಿಂದ ಎಂದೂ ಕೇಳಿರಲಿಲ್ಲ. ಅತ್ತೆಯ ಹೆಸರು ಹಿಲ್ಕಾ. ಮದುವೆಯಾದ ಹೊಸತರಲ್ಲೇ ಮಗಳ ಮನೆಗೆ ಒಂದು ವಾರವಿದ್ದು ಹೋಗುತ್ತೇನೆಂದು ಬಂದವಳು ಹೋಗಲೇ ಇಲ್ಲ. ಅಳಿಯನ ಕಾಫಿ ಅವಳಿಗೆ ಆಗದು, ಅವಳ ಕೆಮ್ಮು ಅಳಿಯನಿಗೆ ಆಗದು. ನಡುವೆ ಇದ್ದ ಟೂಲಾ ಸತ್ತಳು. ಆಮೇಲೆ ಒಂದೇ ಅಡುಗೆಮನೆಯಲ್ಲಿ, ಒಂದೇ ಮೇಜಿನ ಎರಡು ತುದಿಗೆ ಅವರಿಬ್ಬರೇ ಉಳಿದರು. ಹೋಗು ಎಂದು ಇವನು ಹೇಳಲಿಲ್ಲ, ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ಜಗಳವಾಡಲಾದರೂ ಮಾತು ಬೇಕಲ್ಲ, ಅವರು ಅದನ್ನೂ ಆಡಲಿಲ್ಲ. ಕೊನೆಗಾಲದಲ್ಲಿ ಇವನೇ ಅವಳಿಗೆ ಉಣ್ಣಿಸಿದ, ಒರೆಸಿದ, ಹೂತ. ಹೂತ ಮೇಲೆ ಸಿಕ್ಕಿದ್ದನ್ನೆಲ್ಲ ಮಾರಿ, ಭೂಪಟದಲ್ಲಿ ಅವಳಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಬಂದ.

"ಬಾಗಿಲಲ್ಲಿ ನಿಂತಿದ್ದಳು. ಚಳಿಗಾಲದ ಕೋಟು, ಬೂಟಿನ ತುಂಬ ಹಿಮ. ಒಳಗೆ ಬರಲಿಲ್ಲ. 'ಎಲ್ಲಿಗೆ ಹೋಗ್ತೀನಿ ಅಂತ ಒಂದು ಮಾತು ಹೇಳಬಾರದಾಗಿತ್ತಾ' ಅಂದ್ಲು." ಕಲೆವಿ ಲೋಟ ಎತ್ತಿ ಹಾಗೇ ಇಟ್ಟ. "ಇಲ್ಲಿಯವರೆಗೆ ಹೇಗೆ ಬಂದ್ಲು? ನನಗೇ ಪರವಾನಗಿ ಸಿಗೋಕೆ ಅಷ್ಟು ದಿನ ಹಿಡೀತು."

ಎಸ್ಲಿನ್‌ಗೆ ನಗು ಬಂತು, ಜೊತೆಗೆ ಹೊಟ್ಟೆಯೂ ಉರಿಯಿತು. ಅವಳಿಗೆ ಎಂದೂ ಯಾರೂ ಕನಸಿನಲ್ಲಿ ಬಂದಿರಲಿಲ್ಲ. ಅಪ್ಪ ಸತ್ತ ಮೇಲೆ ಎಷ್ಟೋ ಸಲ, ಬಂದರೆ ಕುಡಿಯಲೆಂದು ತಲೆದಿಂಬಿನ ಪಕ್ಕ ನೀರಿಟ್ಟುಕೊಂಡು ಮಲಗಿದ್ದಳು. ಅವನು ಅಕ್ಕನ ಕನಸಿಗೆ ಬಂದ, ಆಲ್ವಿನ್ ಕನಸಿಗೆ ಬಂದ, ಒಮ್ಮೆ ಅಂಚೆಯವನ ಕನಸಿಗೂ ಬಂದ. ಇವಳ ಕಡೆ ತಲೆಹಾಕಲಿಲ್ಲ. ದೊಡ್ಡಪ್ಪನ ಮನೆ ಮಾರಿದವಳು ಎಂದೇ ಇರಬಹುದು ಎಂದು ಈಚೆಗೆ ಅನ್ನಿಸುತ್ತಿತ್ತು. ಈಗ ನೋಡಿದರೆ, ನಿನ್ನೆ ಮೊನ್ನೆ ಕಾಲಿಟ್ಟ ಈ ಸೀಗಡಿ ಮೂಗಿನವನಿಗೆ ಸಮುದ್ರ ದಾಟಿ ಕನಸು ಬಂದಿದೆ!

"ನಡೀರಿ" ಎಂದಳು. "ಇದು ನನ್ನ ಕೈಲಿ ಆಗೋದಲ್ಲ. ಟಾಂಟಿ ಹತ್ರ ಹೋಗೋಣ."

ಟಾಂಟಿ ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದಳು. ಕೇಳಿ ಒಂದೇ ಮಾತಿಗೆ ತೀರ್ಮಾನ ಹೇಳಿದಳು: "ಹಸಿದಿದ್ದಾಳೆ. ಅಷ್ಟು ದೂರದಿಂದ ನಡ್ಕೊಂಡು ಬಂದಿದ್ದಾಳೆ, ಹಸೀದೆ ಇರ್ತಾಳಾ? ಏನು ತಿಂತಿದ್ಲು?"

"ಆಲೂಗಡ್ಡೆ. ಉಪ್ಪು ಹಾಕಿದ ಹೆರಿಂಗ್ ಮೀನು. ಈರುಳ್ಳಿ."

"ಹೆರಿಂಗ್ ಅಂಗಡೀಲಿ ಸಿಗುತ್ತೆ. ನೆನೆ ಹಾಕಿ ಉಪ್ಪು ತೆಗೆದುಬಿಡೋಣ."

"ಉಪ್ಪು ಬೇಕು."

"ಸತ್ತವರಿಗೆ ಉಪ್ಪು ಆಗಲ್ಲಪ್ಪ. ಉಪ್ಪು ತಿಂದ್ರೆ ಮೈ ಭಾರ ಆಗುತ್ತೆ, ನಮ್ಮ ಹಿರಿಯರ ಊರು ಆಫ್ರಿಕಾಕ್ಕೆ ವಾಪಸ್ ಹಾರಿ ಹೋಗೋಕಾಗಲ್ಲ."

"ಅವಳಿಗೆ ಆಫ್ರಿಕಾದಲ್ಲಿ ಏನೂ ಕೆಲಸ ಇಲ್ಲ" ಎಂದ ಕಲೆವಿ.

ಟಾಂಟಿ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಆಕೆಯ ಆಯುಷ್ಯದಲ್ಲಿ ಈ ಪ್ರಶ್ನೆ ಎದ್ದಿರಲಿಲ್ಲ. ಅಕ್ಕಪಕ್ಕದ ಮುದುಕಿಯರನ್ನು ಕರೆಸಲಾಯಿತು, ವಾದ ಮಧ್ಯಾಹ್ನವೆಲ್ಲ ನಡೆಯಿತು. ಸಾಯುವಾಗ ಬಿಳಿಯಳಾಗಿದ್ದವಳು ಸತ್ತ ಮೇಲೆ ಏನಾಗುತ್ತಾಳೆ, ಹಿಮದ ದೇಶದವರು ಹಾರುತ್ತಾರೋ ಜಾರುತ್ತಾರೋ, ಪರದೇಶದ ಹೆಣ್ಣನ್ನು ಲೆಂಡೋರ್ ಹಿರಿಯರ ಪಂಕ್ತಿಯಲ್ಲಿ ಕೂರಿಸಿದರೆ ಗ್ಯಾಸ್ಟನ್ ಏನಾದರೂ ಚೇಷ್ಟೆ ಮಾಡಿಯಾನೋ, ಅವನ ಸ್ವಭಾವ ಗೊತ್ತೇ ಇದೆಯಲ್ಲ ಎಂದೆಲ್ಲ ಚರ್ಚೆಯಾಯಿತು. ಕೊನೆಗೆ ಹಿಲ್ಕಾಗೆ ಉಪ್ಪಿನ ತಟ್ಟೆ ಬೇರೆಯೇ ಇಡುವುದೆಂದು, ಅದನ್ನು ಗ್ಯಾಸ್ಟನ್‌ನಿಂದ ಆದಷ್ಟು ದೂರ ಮಾವಿನ ಮರದ ಕೆಳಗೆ ಇಡುವುದೆಂದು ತೀರ್ಮಾನವಾಯಿತು.

"ಎಷ್ಟು ಜನ ಬರ್ತಾರೆ?" ಎಂದು ಕಲೆವಿ ದೀನನಾಗಿ ಕೇಳಿದ.

"ನಿನ್ನತ್ತೆ ಮೊದಲ ಸಲ ಬಂದಿದ್ದಾಳೆ. ಯಾರೂ ಬರದೆ ಇದ್ರೆ ಅವಳಿಗೆ ಏನನ್ಸುತ್ತೆ?" ಎಂದಳು ಟಾಂಟಿ.

ಶನಿವಾರ ಎಲ್ಲರೂ ಬಂದರು. ಅಂಗಳದಲ್ಲಿ ಕಲ್ಲಿನ ಒಲೆ ಹೂಡಿ ಗಂಡಸರು ಮರದ ಹುಟ್ಟಿನಿಂದ ಕೂಕೂ ತಿರುವಿದರು, ಹೆಂಗಸರು ಅದನ್ನು ಉಂಡೆ ಕಟ್ಟಿದರು. ಆಡಿನ ಮಾಂಸ ಬೆಂದಿತು. ಕಲೆವಿ ತಾನೇ ಆಲೂಗಡ್ಡೆ ಬೇಯಿಸಿ, ಹೆರಿಂಗ್ ಹೆಚ್ಚಿ, ಮೇಲೆ ಈರುಳ್ಳಿ ಬಳೆಗಳನ್ನು ಜೋಡಿಸಿ, ಮಾವಿನ ಮರದ ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟ. ಪಕ್ಕದಲ್ಲಿ ಒಂದು ಬಟ್ಟಲು ಕಾಫಿ. ಡೋಲಿನವರು ಅವನ ಮುಖ ನೋಡಿದರು. "ಸ್ವಲ್ಪ ಮೆಲ್ಲಗೆ" ಎಂದ. ಮೆಲ್ಲಗೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲವಾದರೂ ಪ್ರಯತ್ನಪಟ್ಟರು.

ಹೊತ್ತು ಮುಳುಗುವಾಗ ಟಾಂಟಿ ಡೋಲು ನಿಲ್ಲಿಸಿದಳು. ನೆಲಕ್ಕೆ ನೀರು ಚಿಮುಕಿಸಿ, ರಮ್ ಚಿಮುಕಿಸಿ, ಕಲೆವಿಯನ್ನು ಮುಂದೆ ತಳ್ಳಿದಳು. "ಕರಿ ಅವಳನ್ನ."

"ನಾನಾ?"

"ಮತ್ತೆ ನಾನಾ? ನನಗೆಲ್ಲಿ ಬರುತ್ತೆ ಅವಳ ಭಾಷೆ?"

ಕಲೆವಿ ಮಾವಿನ ಮರದ ಮುಂದೆ ಕೈ ಜೋತುಬಿಟ್ಟುಕೊಂಡು ನಿಂತ. ಕಿವಿ ಕೆಂಪಾಯಿತು. "ಹಿಲ್ಕಾ" ಎಂದ. ಗಂಟಲು ಸರಿಮಾಡಿಕೊಂಡ. ಫಿನ್ನಿಶ್‌ನಲ್ಲಿ ಏನೋ ಒಂದು ಮಾತು, ಸ್ವಲ್ಪ ತಡೆದು ಇನ್ನೊಂದು. ಆಮೇಲೆ ತಡೆಯೇ ಇರಲಿಲ್ಲ. ದನಿ ಏರಿತು, ಬೆರಳು ಎದ್ದಿತು. ಕಾಫಿಯ ಬಟ್ಟಲು ತೋರಿಸಿ ಏನೋ ಗದರಿದ. ಎದೆ ಬಡಿದುಕೊಂಡ, ಮರದ ಬುಡಕ್ಕೆ ಬೆನ್ನು ಮಾಡಿ ಎರಡು ಹೆಜ್ಜೆ ಹೋಗಿ, ಇನ್ನೇನೋ ನೆನಪಾಗಿ ಮತ್ತೆ ತಿರುಗಿ ಬಂದು ಅದನ್ನೂ ಹೇಳಿದ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಅದು ವರ್ಷಗಟ್ಟಲೆ ಕಟ್ಟಿಟ್ಟ ಜಗಳ ಎಂದು ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ಹೆಂಗಸರು ತಲೆದೂಗಿದರು. "ಬಿಡಬೇಡ, ಹೇಳು!" ಎಂದು ಆಲ್ವಿನ್ ಹಿಂದಿನಿಂದ ಹುರಿದುಂಬಿಸಿದ.

"ಸ್ವಂತದವಳೇ" ಎಂದು ಟಾಂಟಿ ತೃಪ್ತಿಯಿಂದ ಎಸ್ಲಿನ್ ಕಿವಿಯಲ್ಲಿ ಹೇಳಿದಳು. "ಹೊರಗಿನವರಿಗೆ ಯಾರೂ ಇಷ್ಟು ಬಯ್ಯಲ್ಲ."

ಮಾತಿನ ನಡುವೆ ಎಲ್ಲೋ ಟೂಲಾ ಎಂಬ ಹೆಸರು ಬಂತು. ಅಲ್ಲಿಗೆ ಕಲೆವಿಯ ದನಿ ಮುರಿಯಿತು. ಕಂಬದಂಥ ಮನುಷ್ಯ ನಿಂತಲ್ಲೇ ಭುಜ ಕುಲುಕಿಸಿ ಅತ್ತ. ಆಮೇಲೆ ಮೂಗು ಒರೆಸಿಕೊಂಡು, ತಗ್ಗಿದ ದನಿಯಲ್ಲಿ, ಎಡಕ್ಕೆ ಬಲಕ್ಕೆ ಕೈ ತೋರಿಸುತ್ತಾ ನಿಧಾನವಾಗಿ ಇನ್ನೇನೋ ಹೇಳಿ ಮುಗಿಸಿದ.

"ಕೊನೇಲಿ ಏನು ಹೇಳಿದ್ರಿ?" ಎಂದು ಊಟಕ್ಕೆ ಕೂತಾಗ ಎಸ್ಲಿನ್ ಕೇಳಿದಳು.

"ವಿಳಾಸ" ಎಂದ ಕಲೆವಿ. "ಸೌನಾ ಎಲ್ಲಿದೆ ಅಂತಲೂ ಹೇಳಿದೆ."

ಆ ಸಂಜೆ ಅವನು ಮೂರು ಉಂಡೆ ಕೂಕೂ ತಿಂದು, ಆಲ್ವಿನ್ ಕೊಟ್ಟಷ್ಟೂ ರಮ್ ಕುಡಿದು, ಡೋಲಿನ ಪಕ್ಕದಲ್ಲೇ ಕುರ್ಚಿಯಲ್ಲಿ ನಿದ್ದೆಹೋದ. ಯಾರೋ ಅವನ ಮೇಲೆ ಇನ್ನೊಂದು ಮೇಜುಬಟ್ಟೆ ಹೊದಿಸಿದರು.

ಬೆಳಿಗ್ಗೆ ಪಾತ್ರೆ ಒಯ್ಯಲು ಎಸ್ಲಿನ್ ಬಂದಾಗ ಕಲೆವಿಯೂ ಟಾಂಟಿಯೂ ಮಾವಿನ ಮರದ ಕೆಳಗೆ ಬಗ್ಗಿ ತಟ್ಟೆ ಪರೀಕ್ಷಿಸುತ್ತಿದ್ದರು. ಹೆರಿಂಗ್ ಇರಲಿಲ್ಲ. ಆಲೂಗಡ್ಡೆ ಅರ್ಧ ಹೋಗಿತ್ತು. ಈರುಳ್ಳಿ ಬಳೆಗಳು ಮಾತ್ರ ತಟ್ಟೆಯ ಅಂಚಿನಲ್ಲಿ ಉಳಿದಿದ್ದವು.

"ಬೆಕ್ಕು" ಎಂದಳು ಎಸ್ಲಿನ್.

"ಅವಳು ಈರುಳ್ಳಿ ಬೇಕು ಅಂತ ಹಾಕಿಸ್ಕೊಂಡು ಪಕ್ಕಕ್ಕೆ ಸರಿಸಿಡ್ತಿದ್ಲು" ಎಂದ ಕಲೆವಿ, ಕಣ್ಣು ಎತ್ತದೆ. "ಪ್ರತಿ ಸಲ. ಪ್ರತಿ ಸಲ ನನಗೆ ಸಿಟ್ಟು ಬರ್ತಿತ್ತು." ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಟಾಂಟಿ, ಟೂಲಾ ಯಾಕೆ ಬರಲಿಲ್ಲ?"

"ಬಾರದವರಿಗೆ ಏನೂ ಕೊರತೆ ಇಲ್ಲ ಅಂತ ಅರ್ಥ ಕಣಪ್ಪ. ಬಾಕಿ ಇರೋರು ಮಾತ್ರ ಬರ್ತಾರೆ. ನೀನು ಅವಳಿಗೆ ಬದುಕಿದ್ದಾಗಲೇ ಹೊಟ್ಟೆ ತುಂಬ ಕೊಟ್ಟಿದ್ದೀಯ."

ಎಸ್ಲಿನ್ ಪಾತ್ರೆ ಎತ್ತಲು ಬಗ್ಗಿದವಳು ಎದ್ದೇಳಲಿಲ್ಲ. ಕೊನೆಯ ವರ್ಷಗಳಲ್ಲಿ ಅಪ್ಪನಿಗೆ ದಿನಾ ಮೀನಿನ ಸಾರು ಕುಡಿಸಿದ್ದು ಅವಳೇ, ಅಕ್ಕನಲ್ಲ, ಆಲ್ವಿನ್ ಅಲ್ಲ, ಆ ಅಂಚೆಯವನಂತೂ ಅಲ್ಲವೇ ಅಲ್ಲ. ಪಾತ್ರೆಯನ್ನು ಅಲ್ಲೇ ಬಿಟ್ಟು ಕ್ರೋಟನ್ ಹಿಂದಕ್ಕೆ ಹೋಗಿ ಅಪ್ಪನ ಗೋರಿಯ ಮೇಲೆ ಕೂತಳು. ಹೇಳಬೇಕಾದ್ದೇನೂ ಇರಲಿಲ್ಲ. ಕೆಳಗೆ ಆಲ್ವಿನ್‌ನ ದೋಣಿ ಹೊಸ ಎಂಜಿನ್ನಿನ ಸದ್ದು ಮಾಡುತ್ತಾ ಹೊರಟಿತ್ತು.

"ಮಿಸ್ ಎಸ್ಲಿನ್" ಎಂದು ಜಗುಲಿಯಿಂದ ಕಲೆವಿ ಕೂಗಿದ. "ಕಾಫಿ ಇಟ್ಟಿದ್ದೀನಿ. ಚೆನ್ನಾಗಿಲ್ಲ. ಬನ್ನಿ."